ಗಣಿ ಗುಡ್ಡೆ ಮೇಲೆ ಗಿಡ ಯಾಕೆ ಬರುತ್ತಿಲ್ಲ? ದೋಷ ಹುಡುಕುವ ಕೈಪಿಡಿ

ಗಣಿ ಕಸದ ಗುಡ್ಡೆ ಮೇಲೆ ಗಿಡ ನೆಟ್ಟು ಕೈ ಸುಟ್ಟುಕೊಂಡವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ವಿಷದ ಮಣ್ಣು ಸಾರ್, ಏನ್ ಹಾಕಿದ್ರೂ ಬರಲ್ಲ." ನೆಟ್ಟ ಗಿಡ ಬದುಕಿತು ಅಂದರೆ ಮಾತು ತಿರುಗುತ್ತದೆ: "ನೋಡಿ, ಹಸಿರಾಯ್ತು. ಮಣ್ಣು ಸರಿಹೋಯ್ತು." ಎರಡೂ ಅವಸರದ ಮಾತೇ. ನಾನು ನೋಡಿದ ಮಟ್ಟಿಗೆ ಸತ್ತ ಗಿಡಗಳಲ್ಲಿ ಹೆಚ್ಚಿನವು ಲೋಹದ ವಿಷಕ್ಕೆ ಸತ್ತಿರುವುದಿಲ್ಲ. ಬೇರು ಇಳಿಯದೆ, ನೀರು ಸಿಗದೆ, ಹಸಿದು ಸತ್ತಿರುತ್ತವೆ. ಇನ್ನು ಸೊಂಪಾಗಿ ಬೆಳೆದ ಗಿಡದ ಎಲೆಯಲ್ಲಿ ಮೇಕೆ ತಿನ್ನಬಾರದಷ್ಟು ಲೋಹ ಕೂತಿರಬಹುದು. ಗಿಡದ ಮುಖ ನೋಡಿ ಮಣ್ಣಿನ ಜಾತಕ ಹೇಳಲು ಆಗುವುದಿಲ್ಲ. ಒಂದೊಂದೇ ಅನುಮಾನ ಕಳೆಯುತ್ತಾ ಹೋಗಬೇಕು. ಖರ್ಚಿಲ್ಲದ ಪರೀಕ್ಷೆ ಮೊದಲು, ದುಬಾರಿ ಲ್ಯಾಬ್ ಕೊನೆಗೆ.

ಮೊದಲು: ನಿಮ್ಮ ಗುಡ್ಡೆ ಯಾವ ಗಣಿಯದು?

ಇದನ್ನು ಕೇಳದೆ ಔಷಧಿ ಹುಡುಕಬೇಡಿ. ಮೈಸೂರಿನಿಂದ ನಂಜನಗೂಡು ಕಡೆ ಹೋದರೆ ಸಿಂಧುವಳ್ಳಿ, ತಳೂರು ಸುತ್ತ ಕ್ರೋಮೈಟ್, ಅಂದರೆ ಕ್ರೋಮಿಯಂ ಅದಿರು, ತೆಗೆದ ಜಾಗಗಳಿವೆ. ದೊಡ್ಡಕಾನ್ಯ ಕಡೆ ಮ್ಯಾಗ್ನಸೈಟ್, ಅಂದರೆ ಮ್ಯಾಗ್ನೀಸಿಯಂನ ಬಿಳಿ ಅದಿರು. ಎರಡೂ ಒಂದೇ ಬಗೆಯ ಬಂಡೆಯ ಮಕ್ಕಳು. ಈ ಬಂಡೆಯಲ್ಲಿ ಮ್ಯಾಗ್ನೀಸಿಯಂ ವಿಪರೀತ, ಕ್ಯಾಲ್ಸಿಯಂ ತೀರಾ ಕಮ್ಮಿ. ಜೊತೆಗೆ ನಿಕ್ಕಲ್, ಕ್ರೋಮಿಯಂ, ಸ್ವಲ್ಪ ಕೋಬಾಲ್ಟ್. ರಂಜಕ, ಪೊಟ್ಯಾಷ್, ಸಾರಜನಕ ಹೆಸರಿಗೂ ಇರುವುದಿಲ್ಲ ಅನ್ನಬಹುದು. ಮಣ್ಣು ಕ್ಷಾರದ ಕಡೆ ವಾಲಿರುತ್ತದೆ.

ಮಂಡ್ಯದ ಕತೆ ಬೇರೆ. ಪಾಂಡವಪುರದ ಬೇಬಿ ಬೆಟ್ಟದ ಸುತ್ತಲಿನಂಥ ಕಲ್ಲು ಕ್ವಾರಿ, ಕ್ರಷರ್ ಜಾಗಗಳಲ್ಲಿ ಬಿದ್ದಿರುವುದು ಬರೀ ಕಲ್ಲುಪುಡಿ. ಅಲ್ಲಿ ಲೋಹದ ಭಯಕ್ಕಿಂತ ಹಸಿವಿನ, ನೀರು ನಿಲ್ಲದ ತೊಂದರೆಯೇ ದೊಡ್ಡದು. ಅಲ್ಲಿಗೆ "ಲೋಹ ಹೀರುವ ಗಿಡ" ಹುಡುಕಿಕೊಂಡು ಹೋಗುವುದು ಜ್ವರ ಇಲ್ಲದವನಿಗೆ ಮಾತ್ರೆ ಕೊಟ್ಟ ಹಾಗೆ.

ಮೂರನೆಯದು ಗಂಧಕ ಸೇರಿದ ಅದಿರಿನ ಕಸ. ಚಿತ್ರದುರ್ಗದ ಇಂಗಳದಾಳ್ ತಾಮ್ರದ ಗಣಿಯಂಥದ್ದು. ಇದರ ಗುಣ ನಮ್ಮ ಮೈಸೂರು ಮಣ್ಣಿಗೆ ಪೂರ್ತಿ ಉಲ್ಟಾ. ಗಾಳಿ, ನೀರು ತಾಗುತ್ತಾ ಹೋದ ಹಾಗೆ ಹುಳಿಯಾಗುತ್ತದೆ. ಅಲ್ಲಿ ಸುಣ್ಣ ಮದ್ದು. ಇಲ್ಲಿ ಅದೇ ಸುಣ್ಣ ತಂದು ಸುರಿದರೆ, ಮೊದಲೇ ಕ್ಷಾರ ಇರುವ ಮಣ್ಣು ಇನ್ನಷ್ಟು ಕೆಡುತ್ತದೆ. ಇಂಟರ್ನೆಟ್ಟಿನಲ್ಲಿ ಓದಿದ ಸಲಹೆ ಯಾವ ಗಣಿಗೆ ಬರೆದದ್ದು ಅಂತ ನೋಡಿಯೇ ತಗೊಳ್ಳಿ.

ಇನ್ನೊಂದು ಎಚ್ಚರಿಕೆ. ಮೈಸೂರು ಕಡೆಯ ಈ ಬಂಡೆಗಳಲ್ಲಿ ಕೆಲವೊಮ್ಮೆ ನಾರಿನಂಥ ಎಳೆಗಳು ಸಿಗುತ್ತವೆ, ಉಗುರಲ್ಲಿ ಬಿಡಿಸಿದರೆ ಹತ್ತಿಯ ಹಾಗೆ ಬಿಚ್ಚಿಕೊಳ್ಳುತ್ತವೆ. ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಕಂಡರೆ ಆ ಜಾಗ ಒಣಗಿದ್ದಾಗ ಅಗೆಯಬೇಡಿ. ನೀರು ಚಿಮುಕಿಸಿ, ಮೂಗಿಗೆ ಒಳ್ಳೆ ಮಾಸ್ಕ್ ಹಾಕಿ. ಟವೆಲ್ ಸುತ್ತಿಕೊಂಡರೆ ಸಾಲದು.

ಸತ್ತ ಗಿಡವನ್ನು ಕಿತ್ತು ನೋಡಿ

ದೋಷ ಹುಡುಕುವ ಕೆಲಸ ಶುರುವಾಗುವುದು ಇಲ್ಲಿಂದ. ಎಲೆ ನೋಡಿ ಗಂಟೆಗಟ್ಟಲೆ ಮಾತಾಡುವವರು ಬೇರು ನೋಡಲು ಬಗ್ಗುವುದೇ ಇಲ್ಲ.

ಒಬ್ಬ ಜಮೀನಿನ ಯಜಮಾನರು ತಮ್ಮ ಹೊಲದ ಅಂಚಿನ ಗುಡ್ಡೆ ಮೇಲೆ ಬೇವು ನೆಡಿಸಿದ್ದರು. ಬೇಸಿಗೆ ಕಳೆಯುವಷ್ಟರಲ್ಲಿ ಸಾಲಿಗೆ ಸಾಲೇ ಒಣಗಿತ್ತು. ಒಂದನ್ನು ಹಿಡಿದು ಎಳೆದೆ, ಸಲೀಸಾಗಿ ಬಂತು. ಬೇರಿನ ಉಂಡೆ ಇನ್ನೂ ನರ್ಸರಿ ಚೀಲದ ಆಕಾರದಲ್ಲೇ ಇತ್ತು. ತಳದಲ್ಲಿ ಬೇರುಗಳು ಸಿಂಬಿ ಸುತ್ತಿದ ಹಾಗೆ ಸುತ್ತಿಕೊಂಡಿದ್ದವು. ಕೆಳಗಿದ್ದದ್ದು ನರ್ಸರಿಯ ಕೆಂಪು ಮಣ್ಣು, ಅದರಾಚೆ ಬೂದು ಬಣ್ಣದ ಗಣಿ ಕಸ. ನಡುವೆ ಗೆರೆ ಎಳೆದ ಹಾಗೆ ಗಡಿ. ಒಂದು ಬೇರೂ ದಾಟಿರಲಿಲ್ಲ.

"ಎಲ್ರೂ ವಿಷ ಅಂತಾರಲ್ಲ ಸಾರ್," ಅಂದರು.

"ವಿಷ ಮುಟ್ಟೋಕೆ ಬೇರು ಆಚೆ ಹೋಗಬೇಕಲ್ಲ ಯಜಮಾನ್ರೇ. ಇದು ಚೀಲ ಬಿಟ್ಟು ಹೊರಗೇ ಬಂದಿಲ್ಲ."

ಗುಂಡಿಯ ಗೋಡೆಗೆ ಗುದ್ದಲಿ ಹೊಡೆದರೆ ಠಣ್ ಅಂತಿತ್ತು. ಜೆಸಿಬಿ, ಟಿಪ್ಪರ್ ಓಡಾಡಿ ಗಟ್ಟಿಯಾದ ಗುಡ್ಡೆ ಅದು. ಇಂಥ ಕಡೆ ಒಂದೂವರೆ ಅಡಿ ಗುಂಡಿ ತೋಡಿ ಒಳ್ಳೆ ಮಣ್ಣು ತುಂಬಿದರೆ, ಗಿಡಕ್ಕೆ ಸಿಗುವುದು ಅಷ್ಟೇ ಜಾಗ. ಹಸ್ತ, ಚಿತ್ತಾ ಮಳೆಗೆ ಗುಂಡಿ ತುಂಬಿ ಬೇರು ಕೊಳೆಯುತ್ತದೆ. ಮಾರ್ಚಿಗೆ ಅದೇ ಗುಂಡಿ ಸುಟ್ಟ ಇಟ್ಟಿಗೆ.

ಬೇರಿನಲ್ಲಿ ಏನೇನು ನೋಡಬೇಕು? ಬೇರು ಆಚೆ ಹೋಗಿಲ್ಲ, ಆದರೆ ಬಣ್ಣ ಆರೋಗ್ಯವಾಗಿದೆ ಅಂದರೆ ಗಟ್ಟಿ ನೆಲದ ತೊಂದರೆ. ಕಪ್ಪಾಗಿ, ಮೆತ್ತಗೆ, ವಾಸನೆ ಬಂದರೆ ನೀರು ನಿಂತಿದೆ. ಆಚೆ ಹೋದ ಬೇರಿನ ತುದಿಗಳು ಮೊಂಡಾಗಿ, ದಪ್ಪಗೆ, ಕವಲಿಲ್ಲದೆ ಇದ್ದರೆ ಆಗ ಮಾತ್ರ ರಸಾಯನದ ಕಡೆ ಅನುಮಾನ ತಿರುಗಿಸಿ. ಹುಳಿ ಮಣ್ಣಿನ ಅಲ್ಯೂಮಿನಿಯಂ, ತಾಮ್ರ, ಕ್ಯಾಲ್ಸಿಯಂ ಕೊರತೆ, ಹೆಚ್ಚಾದ ನಿಕ್ಕಲ್ ಇವೆಲ್ಲ ಬೇರಿನ ತುದಿಯನ್ನೇ ಮೊದಲು ಹಿಡಿಯುತ್ತವೆ.

ನೀರು ನಿಲ್ಲುತ್ತದೆಯೇ ಅಂತ ತಿಳಿಯಲು ಸುಲಭದ ದಾರಿ ಇದೆ. ಖಾಲಿ ಗುಂಡಿಗೆ ಸಂಜೆ ನೀರು ತುಂಬಿ. ಬೆಳಿಗ್ಗೆಯೂ ನೀರು ಕಾಣುತ್ತಿದ್ದರೆ ಗುಂಡಿಗೆ ಗಿಡ ಇಡಬೇಡಿ. ಗುಂಡಿಯ ಬದಲು ಉದ್ದಕ್ಕೆ ಸೀಳಿಸಬೇಕು. ಟ್ರ್ಯಾಕ್ಟರ್ ರಿಪ್ಪರ್ ಅಥವಾ ಜೆಸಿಬಿ ಹಲ್ಲಿನಲ್ಲಿ ಇಳಿಜಾರಿಗೆ ಅಡ್ಡಲಾಗಿ, ಎರಡು ಅಡಿಯಷ್ಟಾದರೂ ಆಳಕ್ಕೆ. ಇಳಿಜಾರಿನ ಉದ್ದಕ್ಕೆ ಸೀಳಿದರೆ ಮಳೆ ನೀರು ಅದನ್ನೇ ಕಾಲುವೆ ಮಾಡಿಕೊಂಡು ಗುಡ್ಡೆಯನ್ನು ಹೊತ್ತೊಯ್ಯುತ್ತದೆ. ಡ್ರೈವರಿಗೆ ಅದು ಸುಲಭ, ಅದಕ್ಕೇ ಹಾಗೆ ಮಾಡುತ್ತಾರೆ. ಎದುರಲ್ಲಿ ನಿಂತು ಮಾಡಿಸಿ.

ಕುಂಡದ ಸಾಲು: ಅರ್ಧ ಉತ್ತರ ಇಲ್ಲೇ ಸಿಗುತ್ತದೆ

ಸಸಿಗೆ ದುಡ್ಡು ಸುರಿಯುವ ಮುಂಚೆ ಒಂದು ತಿಂಗಳು ಇದಕ್ಕೆ ಕೊಡಿ. ಮನೆ ಹಿತ್ತಿಲಲ್ಲಿ ಮಾಡಬಹುದು. ಗುಡ್ಡೆಯ ನಾಲ್ಕಾರು ಕಡೆಯಿಂದ ಮಣ್ಣು ತಂದು ಕಲಸಿ, ದೊಡ್ಡ ಕಲ್ಲು ಆರಿಸಿ ತೆಗೆಯಿರಿ. ಕುಂಡ ಬೇಕಿಲ್ಲ, ತಳಕ್ಕೆ ತೂತು ಹಾಕಿದ ಎರಡು ಕಿಲೋ ಹಿಡಿಯುವ ಪ್ಲಾಸ್ಟಿಕ್ ಡಬ್ಬ ಸಾಕು. ಪ್ರತಿ ಬಗೆಗೂ ಮೂರು ಡಬ್ಬ ಇಡಿ. ಒಂದೇ ಇಟ್ಟರೆ ಅಳಿಲೋ ಕೋಳಿಯೋ ಕೆದಕಿದ್ದನ್ನೂ ನೀವು ವಿಜ್ಞಾನ ಅಂತ ಬರೆದುಕೊಳ್ಳುತ್ತೀರಿ.

1. ಒಳ್ಳೆ ಹೊಲದ ಮಣ್ಣು.
2. ಗಣಿ ಮಣ್ಣು, ಇದ್ದ ಹಾಗೆ.
3. ಗಣಿ ಮಣ್ಣನ್ನು ಬಟ್ಟೆಯಲ್ಲಿ ಹಾಕಿ ಮೂರು ನಾಲ್ಕು ಸಲ ನೀರು ಸುರಿದು ಬಸಿದದ್ದು.
4. ಗಣಿ ಮಣ್ಣು ನಾಲ್ಕು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು.
5. ಗಣಿ ಮಣ್ಣಿಗೆ ಬರೀ ಒಂದು ಚಿಟಿಕೆ ಡಿಎಪಿ (ಸಾರಜನಕ, ರಂಜಕ ಕೊಡುವ ಅಂಗಡಿ ಗೊಬ್ಬರ).
6. ಗಣಿ ಮಣ್ಣಿಗೆ ಒಂದು ಟೀ ಚಮಚ ಜಿಪ್ಸಂ.
7. ಗೊಬ್ಬರವೂ ಜಿಪ್ಸಮ್ಮೂ ಎರಡೂ.

ಎಲ್ಲಕ್ಕೂ ಒಂದೇ ಸಮ ರಾಗಿ, ಹೆಸರುಕಾಳು, ಸಾಸಿವೆ ಹಾಕಿ. ಮೂರು ಬೀಜ ಯಾಕೆಂದರೆ ಒಂದೊಂದಕ್ಕೆ ಒಂದೊಂದು ಚಾಳಿ. ಹೆಸರು ಉಪ್ಪಿಗೆ ಬೇಗ ಸೋಲುತ್ತದೆ. ಸಾಸಿವೆ ಬೀಜದೊಳಗೆ ಕೂಡಿಟ್ಟ ಆಹಾರ ಕಮ್ಮಿ, ಹಸಿವು ಇದ್ದರೆ ಬೇಗ ತೋರಿಸುತ್ತದೆ. ರಾಗಿ ತಡೆದುಕೊಳ್ಳುವ ಜಾತಿ. ಒಂದೇ ಲೋಟದಲ್ಲಿ ಎಲ್ಲಕ್ಕೂ ಒಂದೇ ಅಳತೆ ನೀರು. ಮೂರ್ನಾಲ್ಕು ವಾರ ಆದ ಮೇಲೆ ಕಿತ್ತು, ಬೇರು ತೊಳೆದು, ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆಯಿರಿ.

ಈಗ ಓದುವುದು. ಎರಡನೇ ಡಬ್ಬದಲ್ಲಿ, ಅಂದರೆ ಏನೂ ಬೆರೆಸದ ಗಣಿ ಮಣ್ಣಿನಲ್ಲಿ, ಪೈರು ಒಂದನೇ ಡಬ್ಬದ ಹತ್ತಿರಕ್ಕೆ ಬಂದರೆ ಮಣ್ಣಿನ ರಸಾಯನದಲ್ಲಿ ದೊಡ್ಡ ದೋಷ ಇಲ್ಲ. ಡಬ್ಬದಲ್ಲಿ ಮಣ್ಣು ಸಡಿಲ, ನೀರು ಸರಿ, ನೆರಳೂ ಇದೆ. ಗುಡ್ಡೆ ಮೇಲೆ ಇವು ಮೂರೂ ಇಲ್ಲ. ದೋಷ ಅಲ್ಲೇ ಇದೆ. ಲ್ಯಾಬಿಗೆ ಕಟ್ಟಬೇಕಿದ್ದ ದುಡ್ಡು ಉಳಿಯಿತು, ರಿಪ್ಪರಿಗೆ ಹಾಕಿ.

ಮೂರನೆಯದು ಎರಡನೆಯದಕ್ಕಿಂತ ಚೆನ್ನಾಗಿದ್ದರೆ ಉಪ್ಪಿನಂಶ ಜಾಸ್ತಿ. ನಾಲ್ಕೂ ಐದೂ ಎರಡೂ ಚಿಗುರಿದರೆ ಅದು ಬರೀ ಹಸಿವು. ಗೊಬ್ಬರದ್ದು ಚಿಗುರಿ ಡಿಎಪಿಯದ್ದು ಹಾಗೇ ಸೊರಗಿದ್ದರೆ ವಿಷಯ ಸ್ವಲ್ಪ ಗಂಭೀರ. ಗೊಬ್ಬರ ನೀರು ಹಿಡಿದುಕೊಂಡಿದ್ದರಿಂದ ಹೀಗಾಗಿರಬಹುದು, ಲೋಹವನ್ನು ಕಟ್ಟಿಹಾಕಿದ್ದರಿಂದಲೂ ಆಗಿರಬಹುದು. ಜಿಪ್ಸಂ ಡಬ್ಬ ಎದ್ದು ಕಂಡರೆ ಕ್ಯಾಲ್ಸಿಯಂ ಕೊರತೆ, ಮ್ಯಾಗ್ನೀಸಿಯಂ ಹೆಚ್ಚಳ. ಸಿಂಧುವಳ್ಳಿ, ದೊಡ್ಡಕಾನ್ಯ ಬಗೆಯ ಮಣ್ಣಿನಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಏಳನೆಯದೂ ಸೇರಿ ಯಾವುದೂ ಏಳಲಿಲ್ಲ, ಬೇರಿನ ತುದಿಯೂ ಮೊಂಡು ಅಂದರೆ ಆಗ "ವಿಷ" ಅನ್ನುವ ಮಾತಿಗೆ ಒಂದು ಆಧಾರ ಸಿಕ್ಕಿತು. ಲ್ಯಾಬಿಗೆ ಹೋಗುವ ಹೊತ್ತು ಇದು.

ಹಳದಿ ಎಲೆ

ಎಲ್ಲರಿಗೂ ಮೊದಲು ಕಾಣುವುದು ಇದು. ಎಲ್ಲರೂ ತಪ್ಪು ಓದುವುದೂ ಇದನ್ನೇ. ಯಾವ ಎಲೆ ಹಳದಿ ಅನ್ನುವುದು ಮುಖ್ಯ.

ಕೆಳಗಿನ ಹಳೇ ಎಲೆ ಇಡಿಯಾಗಿ ಮಾಸಿ ಹಳದಿಯಾದರೆ ಸಾರಜನಕ ಇಲ್ಲ. ಎಲೆಗೆ ನೇರಳೆ ಛಾಯೆ ಬಂದರೆ ರಂಜಕ ಇಲ್ಲ. ಇವೆರಡಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೊಬ್ಬರ ಕೊಡಿ, ಮುಂದೆ ಹೋಗಿ.

ಮೇಲಿನ ಎಳೇ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ನಿಲ್ಲಿ. ಇದು ಕಬ್ಬಿಣ ಸಿಗದ ಲಕ್ಷಣ. ಮಂಡ್ಯದ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಕೂಳೆ ಕಬ್ಬಿನಲ್ಲಿ ಬಿಳಿಚಿಕೊಂಡ ಸುಳಿ ನೋಡಿರುತ್ತಾರೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ನಾಲ್ಕಾರು ಎಲೆಗೆ ಮಾತ್ರ ಹೊಡೆಯಿರಿ. ಗುರುತಿಗೆ ದಾರ ಕಟ್ಟಿ. ವಾರದೊಳಗೆ ಆ ಎಲೆ ಹಸಿರಾದರೆ ಕಬ್ಬಿಣ ಸಿಗುತ್ತಿಲ್ಲ ಅಂತ ಖಚಿತ.

ಯಾಕೆ ಸಿಗುತ್ತಿಲ್ಲ ಅನ್ನುವುದು ಬೇರೆ ಪ್ರಶ್ನೆ. ಮಣ್ಣಿನ ಪಿಎಚ್ (ಹುಳಿ, ಕ್ಷಾರದ ಅಳತೆ; 7 ದಾಟಿದರೆ ಕ್ಷಾರ) 8 ದಾಟಿದ್ದರೆ ಮಣ್ಣಲ್ಲಿ ಕಬ್ಬಿಣ ಎಷ್ಟಿದ್ದರೂ ಕರಗುವುದಿಲ್ಲ. ಅದೇ ಹೊತ್ತಿಗೆ ನಿಕ್ಕಲ್ ಜಾಸ್ತಿಯಾದರೂ ಗಿಡದೊಳಗೆ ಕಬ್ಬಿಣದ ಕೆಲಸಕ್ಕೆ ಅಡ್ಡ ಬರುತ್ತದೆ, ಎಲೆ ಹೀಗೇ ಕಾಣುತ್ತದೆ. ಕಣ್ಣಲ್ಲಿ ಬೇರೆ ಮಾಡಲು ಆಗುವುದಿಲ್ಲ. ಕುಂಡದ ಸಾಲಿನಲ್ಲಿ ಗೊಬ್ಬರ ಮತ್ತು ಜಿಪ್ಸಂ ಡಬ್ಬದ ಎಲೆ ಹಸಿರಾಗಿದ್ದರೆ ಅದೇ ದಾರಿ ಹಿಡಿಯಿರಿ. ಇಲ್ಲವಾದರೆ ಮಣ್ಣಿನ ನಿಕ್ಕಲ್ ನೋಡಿಸಬೇಕು.

ಬಿಳಿ ಕಲ್ಲು ಸುಣ್ಣವೇ, ಮ್ಯಾಗ್ನಸೈಟೇ?

ಇದು ಚಿಕ್ಕ ಪರೀಕ್ಷೆ, ಆದರೆ ನಮ್ಮ ಕಡೆ ಬಹಳ ಉಪಯೋಗ. ಮೈಸೂರು ಸೀಮೆಯ ಹೊಲಗಳಲ್ಲಿ ಸುಣ್ಣದ ಹರಳು ಸಾಮಾನ್ಯ. ಗಣಿ ಗುಡ್ಡೆ ಮೇಲಿನ ಬಿಳಿ ತುಂಡೂ ಅದೇ ಅಂದುಕೊಂಡು "ಇಲ್ಲಿ ಕ್ಯಾಲ್ಸಿಯಂಗೆ ಬರ ಇಲ್ಲ" ಅಂತ ತೀರ್ಮಾನ ಮಾಡುತ್ತಾರೆ. ಎರಡು ಬಗೆಯ ತುಂಡನ್ನೂ ಬೇರೆ ಬೇರೆ ಪುಡಿ ಮಾಡಿ, ಮೇಲೆ ವಿನೆಗರ್ ಹನಿಸಿ. ಸುಣ್ಣದ ಹರಳು ಬುಸುಬುಸು ನೊರೆ ಬಿಡುತ್ತದೆ. ಮ್ಯಾಗ್ನಸೈಟ್ ಪುಡಿ ತಣ್ಣಗಿನ ವಿನೆಗರಿಗೆ ಅಲುಗಾಡುವುದೇ ಇಲ್ಲ ಅನ್ನಬಹುದು. ನೊರೆ ಬರಲಿಲ್ಲವಾದರೆ ನಿಮ್ಮ ಗುಡ್ಡೆಗೆ ಜಿಪ್ಸಂ ಬೇಕಾಗುವ ಸಾಧ್ಯತೆ ಜಾಸ್ತಿ. ಜಿಪ್ಸಂ ಯಾಕೆ, ಸುಣ್ಣ ಯಾಕಲ್ಲ? ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆ, ಪಿಎಚ್ ಏರಿಸುವುದಿಲ್ಲ.

ಮಂಡ್ಯ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ: ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಅಂದರೆ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಗಸಿ. ಸಾವಯವ ಅಂಶ, ಕ್ಯಾಲ್ಸಿಯಂ, ರಂಜಕ ಎಲ್ಲ ಒಟ್ಟಿಗೆ. ಹಸಿ ಪ್ರೆಸ್‌ಮಡ್ ಕಾವು ಬಿಡುತ್ತದೆ, ಗಿಡದ ಬುಡಕ್ಕೆ ನೇರ ಹಾಕಿದರೆ ಬೇರು ಸುಡುತ್ತದೆ. ಗುಡ್ಡೆ ಹಾಕಿ, ಮಗುಚುತ್ತಾ, ಚೆನ್ನಾಗಿ ಕಳಿತ ಮೇಲೆ ಬಳಸಿ. ಮೇಲೆ ಹೊದಿಸಲು ಕಬ್ಬಿನ ತರಗು. ಗದ್ದೆಯಲ್ಲೇ ಬೆಂಕಿ ಇಡುವ ತರಗನ್ನು ಗಾಡಿ ಬಾಡಿಗೆ ಕೊಟ್ಟು ತಂದರೂ ಲಾಭವೇ. ಕ್ರೋಮೈಟ್ ಕಸ ಕಪ್ಪಗಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ಬರಿಗಾಲಿಡಲು ಆಗದಷ್ಟು ಕಾಯುತ್ತದೆ. ಮೊಳಕೆಯ ಕುತ್ತಿಗೆ ಮಣ್ಣಿನ ಮಟ್ಟದಲ್ಲೇ ಸುಟ್ಟು ಬೀಳುವುದು ಇದರಿಂದ. ಅದನ್ನೂ ಜನ ರೋಗ ಅನ್ನುತ್ತಾರೆ.

ಕ್ರೋಮೈಟ್ ಜಾಗದಲ್ಲಿ ಸಾವಯವ ಗೊಬ್ಬರಕ್ಕೆ ಇನ್ನೂ ಒಂದು ಕೆಲಸ ಇದೆ. ಕ್ರೋಮಿಯಂ ಎರಡು ರೂಪದಲ್ಲಿ ಸಿಗುತ್ತದೆ. ಮೂರರ ರೂಪ ಮಣ್ಣಿಗೆ ಅಂಟಿಕೊಂಡು ಕೂತಿರುತ್ತದೆ. ಆರರ ರೂಪ ನೀರಲ್ಲಿ ಕರಗಿ ಓಡಾಡುತ್ತದೆ, ವಿಷವೂ ಅದೇ. ಕಳಿತ ಗೊಬ್ಬರ ಆರನ್ನು ಮೂರಕ್ಕೆ ಇಳಿಸಲು ಸಹಾಯ ಮಾಡುತ್ತದೆ. ಕ್ಷಾರ ಹೆಚ್ಚಿದಷ್ಟೂ ಆರರ ರೂಪಕ್ಕೆ ಓಡಾಟ ಸಲೀಸು. ಸುಣ್ಣ ಬೇಡ ಅನ್ನಲು ಇದೂ ಒಂದು ಕಾರಣ.

ಗೊಬ್ಬರ ಎಲ್ಲ ಕಡೆಯೂ ಅಮೃತ ಅಲ್ಲ. ಆರ್ಸೆನಿಕ್ ಇರುವ ಕಸಕ್ಕೆ, ಕೆಲವು ಚಿನ್ನದ ಗಣಿಗಳ ಕಸ ಹೀಗಿರುತ್ತದೆ, ರಂಜಕದ ಗೊಬ್ಬರ ಸುರಿದರೆ ಕೂತಿದ್ದ ಆರ್ಸೆನಿಕ್ ಎದ್ದು ನೀರಿಗೆ ಬರುತ್ತದೆ. ಸೀಸ ಇರುವ ಕಡೆ ಅದೇ ರಂಜಕ ಸೀಸವನ್ನು ಕಟ್ಟಿಹಾಕುತ್ತದೆ. ಅದಕ್ಕೇ ಗಣಿ ಯಾವುದು ಅಂತ ಮೊದಲು ಕೇಳಿದ್ದು.

ಮೊದಲ ವರ್ಷ ಚೆನ್ನಾಗಿತ್ತು, ಆಮೇಲೆ ಸತ್ತಿತು

ಮೈಸೂರು ಮಣ್ಣಿನಲ್ಲಿ ಇದಕ್ಕೆ ಕಾರಣ ಬಹುತೇಕ ಒಂದೇ. ಗುಂಡಿಗೆ ಹಾಕಿದ ಗೊಬ್ಬರ ಮುಗಿಯಿತು, ಬೇರು ಹೊರಗೆ ಹೋಗಲಿಲ್ಲ. ಸಾರಜನಕ ತಾನೇ ತಯಾರಿಸುವ ಗಿಡ ಇದ್ದರೂ ಹೀಗಾಗುತ್ತದೆಯಲ್ಲ ಅಂತೀರಾ? ಹೊಂಗೆ, ಅಪ್ಪೆಸೆಣಬು ಕಿತ್ತು ಬೇರಿನ ಗಂಟು ನೋಡಿ. ಉಗುರಲ್ಲಿ ಸೀಳಿದರೆ ಒಳಗೆ ಗುಲಾಬಿ ಬಣ್ಣ ಇರಬೇಕು. ಬಿಳಿ, ಹಸಿರು ಇದ್ದರೆ ಗಂಟು ಸುಮ್ನೆ ಇದೆ, ಕೆಲಸ ಮಾಡುತ್ತಿಲ್ಲ. ಗಂಟೇ ಇಲ್ಲದಿದ್ದರೆ ಆ ಮಣ್ಣಿನಲ್ಲಿ ಬೇಕಾದ ಸೂಕ್ಷ್ಮಜೀವಿ ಇಲ್ಲ. ರೈಜೋಬಿಯಂ ಪ್ಯಾಕೆಟ್ ಬಳಸಿ, ಅಥವಾ ಚೆನ್ನಾಗಿ ಬೆಳೆದ ಹೊಂಗೆ ಮರದ ಬುಡದ ಮಣ್ಣನ್ನೇ ಎರಡು ಬೊಗಸೆ ತಂದು ಗುಂಡಿಗೆ ಹಾಕಿ.

ಗಂಧಕದ ಕಸದಲ್ಲಾದರೆ ಕಾರಣ ಬೇರೆ. ನೆಟ್ಟಾಗ ಪಿಎಚ್ 6 ಇದ್ದದ್ದು ಎರಡು ಮಳೆಗಾಲದಲ್ಲಿ 4ಕ್ಕಿಂತ ಕೆಳಗೆ ಇಳಿದಿರುತ್ತದೆ. ಕಿತ್ತಳೆ ಬಣ್ಣದ ಕಲೆ, ಗುಡ್ಡೆ ಬುಡದಲ್ಲಿ ತುಕ್ಕಿನ ನೀರು ಕಂಡರೆ ಪ್ರತಿ ಆರು ತಿಂಗಳಿಗೆ ಪಿಎಚ್ ನೋಡಿ. ನೆಡುವ ದಿನದ ಒಂದು ಸಂಖ್ಯೆ ನಂಬಿ ಕೂರಬೇಡಿ.

ಮಳೆಗೆ ಕೊಚ್ಚಿ ಹೋಗುತ್ತಿದೆ

ಮೈಸೂರಿಗೆ ಅಕ್ಟೋಬರಿನಲ್ಲಿ ಬೀಳುವ ಮಳೆಯ ಹೊಡೆತ ಜೂನಿನದಕ್ಕಿಂತ ಜೋರು. ಮುಂಗಾರಿಗೆ ನೆಟ್ಟು, ಚಿತ್ತಾ ಮಳೆಗೆ ಕಳೆದುಕೊಳ್ಳುವುದು ಮಾಮೂಲಿ. ಮೊದಲು ಮರ ನೆಡಬೇಡಿ, ಹುಲ್ಲು ನೆಡಿ. ಲಾವಂಚಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ನಮ್ಮ ನೆಲದ್ದೇ ಹುಲ್ಲು, ಬೇರು ನೇರ ಕೆಳಗೆ ಎರಡು ಮೂರು ಮೀಟರ್ ಇಳಿಯುತ್ತದೆ. ಹುಳಿ, ಕ್ಷಾರ ಎರಡನ್ನೂ ತಾಳಿಕೊಳ್ಳುತ್ತದೆ. ಹೀರಿದ ಲೋಹದ ಹೆಚ್ಚಿನ ಪಾಲನ್ನು ಬೇರಲ್ಲೇ ಇಟ್ಟುಕೊಳ್ಳುತ್ತದೆ, ಎಲೆಗೆ ಕಳಿಸುವುದು ಕಮ್ಮಿ. ಸಮಪಾತಳಿ ಗೆರೆ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದ ಗೆರೆ ಹಾಕಿ, ಗೆರೆ ಮೇಲೆ ಗೇಣಿಗಿಂತ ಹತ್ತಿರ ಹತ್ತಿರ ಸಸಿ ಇಡಿ. ಅಂತರ ಬಿಟ್ಟರೆ ಆ ಸಂದಿಯಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಸಾಲುಗಳ ನಡುವೆ ಗರಿಕೆ, ಅಪ್ಪೆಸೆಣಬು. ಹುಲ್ಲು ಹಿಡಿದ ಮೇಲೆ ಬಂದರಿಕೆ, ತಂಗಡಿ, ಹೊಂಗೆ. ಬಂದರಿಕೆ, ತಂಗಡಿ ನಮ್ಮ ಕುರುಚಲು ಗುಡ್ಡಗಳಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಗಿಡ. ನರ್ಸರಿಯವರು ಅಲಂಕಾರದ ಗಿಡ ತೋರಿಸಿದರೆ ನಕ್ಕು ಬನ್ನಿ.

ರಿಪೋರ್ಟ್ ಬಂತು, ಸಂಖ್ಯೆ ನೋಡಿ ಎದೆ ಒಡೆಯಿತು

ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಇರುತ್ತವೆ. ಪಿಎಚ್, ಇಸಿ (ಉಪ್ಪಿನಂಶದ ಅಳತೆ), ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಗಮನಿಸಿದಿರಾ? ನಮಗೆ ಬೇಕಾದ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ, ನಿಕ್ಕಲ್, ಕ್ರೋಮಿಯಂ ನಾಲ್ಕೂ ಇಲ್ಲ. ಕಾರ್ಡು ಹೊಲಕ್ಕೆ ಮಾಡಿದ್ದು, ಗಣಿಗಲ್ಲ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಹೋದಾಗ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಬೇಕು ಅಂತ ಬಾಯಿ ಬಿಟ್ಟು ಕೇಳಿ. ಭಾರ ಲೋಹಕ್ಕೆ ಬೇರೆ ಲ್ಯಾಬ್ ಹುಡುಕಬೇಕಾಗಬಹುದು. ಕ್ಯಾಲ್ಸಿಯಂ ಮ್ಯಾಗ್ನೀಸಿಯಂಗಿಂತ ಕಮ್ಮಿ ಬಂದರೆ ಜಿಪ್ಸಂ ಲೆಕ್ಕ ಅಲ್ಲೇ ಕೇಳಿಕೊಂಡು ಬನ್ನಿ. ಇಸಿ 1ರ ಒಳಗಿದ್ದರೆ ಉಪ್ಪಿನ ಚಿಂತೆ ಬಿಡಿ. 1 ದಾಟಿದರೆ ಮೊಳಕೆಗೆ ಕಷ್ಟ, 2 ದಾಟಿದರೆ ನಾಜೂಕು ಗಿಡಗಳಿಗೆ ಕಷ್ಟ.

ಲೋಹದ ರಿಪೋರ್ಟಿನಲ್ಲಿ "ಒಟ್ಟು" ಅಂತ ಇದೆಯೋ "ಲಭ್ಯ" ಅಂತ ಇದೆಯೋ ನೋಡಿ. ಈ ಬಂಡೆಯ ಮಣ್ಣಿನಲ್ಲಿ ಕಿಲೋಗೆ 1000 ಮಿಲಿಗ್ರಾಂ ದಾಟಿ ಒಟ್ಟು ನಿಕ್ಕಲ್, ಕ್ರೋಮಿಯಂ ಇರುವುದು ವಿಶೇಷ ಅಲ್ಲ. ಕ್ರೋಮಿಯಂನ ಬಹುಪಾಲು ಕ್ರೋಮೈಟ್ ಕಾಳಿನೊಳಗೆ ಬೀಗ ಹಾಕಿಕೊಂಡಿರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಗಿಡಕ್ಕೆ ಸಿಗುವ ಪಾಲು ತಿಳಿಯಲು ಡಿಟಿಪಿಎ ಪರೀಕ್ಷೆ, ಕ್ರೋಮಿಯಂಗೆ ಆರರ ರೂಪ ಎಷ್ಟಿದೆ ಅನ್ನುವ ಪರೀಕ್ಷೆ ಕೇಳಬೇಕು.

"ಹಾಗಾದ್ರೆ ಸಾಸಿವೆ, ಸೂರ್ಯಕಾಂತಿ ಹಾಕಿ ಲೋಹ ಹೀರಿಸಿಬಿಡೋಣ" ಅನ್ನುವವರಿಗೆ ಒಂದು ಲೆಕ್ಕ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತದೆ. ಕಿಲೋಗೆ 1000 ಮಿಲಿಗ್ರಾಂ ನಿಕ್ಕಲ್ ಅಂದರೆ ಒಟ್ಟು 900 ಕಿಲೋ. ಬೆಳೆ ಒಣಗಿಸಿದರೆ 2 ಟನ್ ಬಂತು, ಅದರಲ್ಲಿ ಕಿಲೋಗೆ 50 ಮಿಲಿಗ್ರಾಂ ನಿಕ್ಕಲ್ ಇತ್ತು ಅನ್ನಿ. ಒಂದು ಬೆಳೆಗೆ ಹೊರಗೆ ಹೋದದ್ದು 100 ಗ್ರಾಂ. ಎಲ್ಲ ತೆಗೆಯಲು 9000 ಬೆಳೆ! ಲೋಹವನ್ನು ನಿಜಕ್ಕೂ ರಾಶಿ ಹಾಕಿಕೊಳ್ಳುವ ಗಿಡಗಳಿವೆ. ಒಣ ಎಲೆಯಲ್ಲಿ ಕಿಲೋಗೆ 1000 ಮಿಲಿಗ್ರಾಂ ದಾಟಿದರೆ ನಿಕ್ಕಲ್‌ನಲ್ಲಿ ಆ ಪಟ್ಟ ಸಿಗುತ್ತದೆ. ಆರ್ಸೆನಿಕ್‌ಗೆ ಒಂದು ಜರಿಗಿಡ ಇದೆ, 2001ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಗುರುತಿಸಿದ್ದು. ಅದಕ್ಕೂ ವರ್ಷಗಟ್ಟಲೆ ಬೇಕು, ಕೊಯ್ದದ್ದನ್ನು ಹಾಕಲು ಜಾಗವೂ ಬೇಕು. ಪಂಚಾಯಿತಿ ಮಟ್ಟದ ಕೆಲಸಕ್ಕೆ ಲೋಹವನ್ನು ಇದ್ದಲ್ಲೇ ಕೂರಿಸುವುದೇ ಸರಿಯಾದ ಗುರಿ. ದೂಳು ಏಳಬಾರದು, ಮಣ್ಣು ಕೆರೆಗೆ ಹೋಗಬಾರದು, ಎಲೆಗೆ ಏರಬಾರದು.

ಗಿಡ ಚೆನ್ನಾಗಿದೆ. ಈಗೇನು ದೋಷ?

ಕಣ್ಣಿಗೆ ಕಾಣದ್ದು. ಹಸಿರು ಕಂಡ ಕೂಡಲೇ ಮೇಕೆ ಬರುತ್ತವೆ, ಹಿಂದೆಯೇ ಕುಡುಗೋಲು ಹಿಡಿದು ಹುಲ್ಲು ಕೊಯ್ಯುವವರು. ಹಾಗಾಗಿ ಸುಬಾಬುಲ್, ಗ್ಲಿರಿಸಿಡಿಯಾ ಎಷ್ಟೇ ಬೇಗ ಬೆಳೆದರೂ ಲೋಹದ ಗುಡ್ಡೆಗೆ ಬೇಡ, ಎರಡೂ ಮೇವಿನ ಗಿಡ. ಬಂದರಿಕೆ, ತಂಗಡಿಗೆ ಮೇಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಬಲಿತ ಲಾವಂಚವೂ ಒರಟು.

ವರ್ಷಕ್ಕೊಮ್ಮೆ ಎಲೆ ಪರೀಕ್ಷೆ ಮಾಡಿಸಿ. ಒಂದೇ ಗಿಡದ ಎಲೆಯನ್ನು ಎರಡು ಪಾಲು ಮಾಡಿ. ಒಂದನ್ನು ಚೆನ್ನಾಗಿ ತೊಳೆದು, ಇನ್ನೊಂದನ್ನು ತೊಳೆಯದೆ ಕಳಿಸಿ. ತೊಳೆಯದ್ದರಲ್ಲಿ ಮಾತ್ರ ಕ್ರೋಮಿಯಂ ಜಾಸ್ತಿ ಬಂದರೆ ಅದು ಎಲೆ ಮೇಲೆ ಕೂತ ದೂಳು, ಗಿಡ ಹೀರಿದ್ದಲ್ಲ. ಅಲ್ಲಿ ಗಿಡ ಬದಲಿಸಬೇಕಿಲ್ಲ, ದೂಳು ಏಳುವ ಜಾಗಕ್ಕೆ ಹೊದಿಕೆ ಹಾಕಬೇಕು. ತೊಳೆದದ್ದರಲ್ಲೂ ಜಾಸ್ತಿ ಇದ್ದರೆ ಆ ಜಾತಿಯನ್ನು ತೆಗೆಯಿರಿ. ಸೌದೆಗೂ ಇದೇ ಮಾತು. ಉರಿಸಿದ ಮೇಲೆ ಲೋಹ ಬೂದಿಯಲ್ಲಿ ಉಳಿಯುತ್ತದೆ, ಬೂದಿ ಹಿತ್ತಿಲ ಸೊಪ್ಪಿನ ಮಡಿಗೆ ಹೋಗುತ್ತದೆ.

ಗುಡ್ಡೆಯ ಕೆಳಗೆ ಬಾವಿ, ಬೋರು ಇದ್ದರೆ ಅದರ ನೀರನ್ನು ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ನೋಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ ಕ್ರೋಮಿಯಂ 0.05 ಮಿಲಿಗ್ರಾಂ, ನಿಕ್ಕಲ್ 0.02 ಮಿಲಿಗ್ರಾಂ ಮಿತಿ. ದಾಟಿದ್ದರೆ ಆ ನೀರು ಕುಡಿಯುವುದನ್ನು ಅವತ್ತೇ ನಿಲ್ಲಿಸಿ, ರಿಪೋರ್ಟಿನ ಪ್ರತಿ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಗಿಡದ ಕೆಲಸ ಆಮೇಲೆ ನೋಡಿಕೊಳ್ಳಬಹುದು.